ಮೂರು ಸಾವು ದಾಟಿದ ಹಡಗು ಮಿಕಾಸಾ

1895ರ ಏಪ್ರಿಲ್ 17ರಂದು ಶಿಮೊನೊಸೆಕಿಯಲ್ಲಿ ಚೀನಾ ಜಪಾನಿನೆದುರು ಯುದ್ಧದ ಸೋಲೊಪ್ಪಿ ಸಹಿ ಹಾಕಿತು. ಪೋರ್ಟ್ ಆರ್ಥರ್ ಬಂದರು ಸಮೇತ ಲಿಯಾವೊಡಾಂಗ್ ಪರ್ಯಾಯದ್ವೀಪ ಜಪಾನಿನ ಪಾಲಾಯಿತು. ಆರೇ ದಿನಗಳಲ್ಲಿ ರಷ್ಯಾ, ಜರ್ಮನಿ ಮತ್ತು ಫ್ರಾನ್ಸ್ ಒಟ್ಟಾಗಿ ಬಂದು, ಆ ನೆಲವನ್ನು ಚೀನಾಕ್ಕೆ ಮರಳಿಸುವುದೇ ಕ್ಷೇಮ ಎಂದು ಜಪಾನಿಗೆ ಬುದ್ಧಿ ಹೇಳಿದವು. ಆ ಬುದ್ಧಿಮಾತಿನ ಬೆನ್ನಿಗೆ ಮೂರು ನೌಕಾದಳಗಳು ನಿಂತಿದ್ದವು. ಅವುಗಳೆದುರು ನಿಲ್ಲುವ ತ್ರಾಣ ಟೋಕಿಯೋಗೆ ಇರಲಿಲ್ಲವಾಗಿ ನೆಲ ಬಿಟ್ಟುಕೊಟ್ಟಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ಪೋರ್ಟ್ ಆರ್ಥರನ್ನು ರಷ್ಯಾ ಚೀನಾದಿಂದ ಗುತ್ತಿಗೆಗೆ ಪಡೆದು ತನ್ನ ನೌಕಾನೆಲೆ ಮಾಡಿಕೊಂಡಿತು. ಜಪಾನಿನ ಹಳ್ಳಿಹಳ್ಳಿಯ ಶಾಲೆಗಳಿಗೂ ಈ ಅವಮಾನದ ಸುದ್ದಿ ಮುಟ್ಟಿತು. ಸೌದೆಯ ಮೇಲೆ ಮಲಗಿ ಪಿತ್ತದ ಕಹಿ ಸವಿಯುತ್ತಾ ಸೇಡಿಗೆ ಕಾದವರ ಹಳೆಯ ಚೀನೀ ಕಥೆಯನ್ನು ಪತ್ರಿಕೆಗಳು ಮತ್ತೆ ಮತ್ತೆ ನೆನಪಿಸಿದವು.

ಮಿಕಾಸಾ ಎಂಬ ಹಡಗು ಹುಟ್ಟಿದ್ದು ಈ ಕಹಿಯಿಂದ. ಚೀನಾ ಯುದ್ಧದಂಡವಾಗಿ ತೆರಬೇಕಾದ 20 ಕೋಟಿ ಟೇಲ್ ಬೆಳ್ಳಿಯಲ್ಲಿ ದೊಡ್ಡ ಪಾಲು ನೌಕಾದಳಕ್ಕೆ ಹೋಯಿತು. ಆರು ಭಾರೀ ಯುದ್ಧನೌಕೆ, ಆರು ಕವಚ ಹೊದ್ದ ಕ್ರೂಸರ್. ಇಷ್ಟನ್ನು ಹತ್ತು ವರ್ಷದೊಳಗೆ ಕಟ್ಟಿಸಬೇಕೆಂದು ಲೆಕ್ಕ ಹಾಕಲಾಯಿತು. ಇದರ ಹಿಂದಿದ್ದ ತಲೆ ಯಮಾಮೊಟೊ ಗೊನ್ನೊಹ್ಯೋಯೆ ಎಂಬ ಅಧಿಕಾರಿಯದು. ಆರನೆಯ ಯುದ್ಧನೌಕೆಯ ಸರದಿ ಬರುವ ಹೊತ್ತಿಗೆ ಬೊಕ್ಕಸ ಬರಿದಾಗಿತ್ತು. ಬೇರೆ ಬಾಬತ್ತಿನ ಹಣವನ್ನು ನಿಯಮ ಮೀರಿ ಮುಂಗಡಕ್ಕೆ ಹಾಕೋಣ, ಯಾರಾದರೂ ಪ್ರಶ್ನಿಸಿದರೆ ಇಬ್ಬರೂ ಅರಮನೆಯ ಎದುರು ಪ್ರಾಣ ಬಿಡೋಣ ಎಂದು ಹಿರಿಯ ಮಂತ್ರಿ ಸೈಗೋ ತ್ಸುಗುಮಿಚಿ ಹೇಳಿದರೆಂಬ ಕಥೆ ಜಪಾನಿನಲ್ಲಿ ಮನೆಮಾತು. ಕಥೆಯಲ್ಲಿ ಎಷ್ಟು ನಿಜವೋ, 1898ರಲ್ಲಿ ಇಂಗ್ಲೆಂಡಿನ ವಿಕರ್ಸ್ ಕಂಪನಿಗೆ ಹಡಗಿನ ಆರ್ಡರ್ ಹೋದದ್ದಂತೂ ನಿಜ.

ಬ್ಯಾರೋ-ಇನ್-ಫರ್ನೆಸ್ ಇಂಗ್ಲೆಂಡಿನ ವಾಯವ್ಯ ಕರಾವಳಿಯ ಹಡಗುಕಟ್ಟೆಯ ಊರು. ಅಲ್ಲಿ 1899ರ ಜನವರಿಯಲ್ಲಿ ತಳದ ಅಡ್ಡೆ ಇಟ್ಟು, 1900ರ ನವೆಂಬರ್ 8ರಂದು ಹಡಗನ್ನು ನೀರಿಗಿಳಿಸಿದರು. 1902ರ ಮಾರ್ಚಿನಲ್ಲಿ ಕೆಲಸ ಮುಗಿಯಿತು. 15,000 ಟನ್ ಮೀರಿದ ತೂಕ, ಸುಮಾರು 132 ಮೀಟರ್ ಉದ್ದ, ನಾಲ್ಕು 12 ಇಂಚಿನ ತೋಪು, ಹದಿನಾಲ್ಕು 6 ಇಂಚಿನ ತೋಪು, 18 ನಾಟ್ ವೇಗ. ನಡುಮೈಗೆ 9 ಇಂಚು ದಪ್ಪದ ಕ್ರುಪ್ ಉಕ್ಕಿನ ಪಟ್ಟಿ. ಅಂದಿನ ಜಗತ್ತಿನಲ್ಲಿ ಇದಕ್ಕಿಂತ ಬಲವಾದ ಹಡಗು ಸಿಗುವುದು ಕಷ್ಟವಿತ್ತು. ನಾರಾ ಪಟ್ಟಣದ ಮಗ್ಗುಲ ಬೆಟ್ಟದ ಹೆಸರನ್ನು ಇದಕ್ಕಿಟ್ಟರು. ಅದೇ ವರ್ಷದ ಜನವರಿಯಲ್ಲಿ ಬ್ರಿಟನ್ ಮತ್ತು ಜಪಾನ್ ಮೈತ್ರಿಗೆ ಸಹಿ ಹಾಕಿದ್ದವು. ಈ ಮೈತ್ರಿಯ ಫಲ ಮೂರು ವರ್ಷಗಳ ನಂತರ ರಷ್ಯನ್ನರಿಗೆ ಬಂದರು ಬಂದರಿನಲ್ಲೂ ಅನುಭವಕ್ಕೆ ಬಂದಿತು.

1904ರ ಫೆಬ್ರವರಿ 8ರ ರಾತ್ರಿ ಜಪಾನಿನ ಟಾರ್ಪೆಡೊ ದೋಣಿಗಳು ಯುದ್ಧ ಘೋಷಣೆಗೂ ಮುಂಚೆಯೇ ಪೋರ್ಟ್ ಆರ್ಥರಿನ ಹಡಗುಗಳ ಮೇಲೆರಗಿದವು. ಮಿಕಾಸಾದಲ್ಲಿ ಧ್ವಜ ಹಾರಿಸಿದ್ದವರು ಅಡ್ಮಿರಲ್ ಟೋಗೋ ಹೈಹಾಚಿರೋ. ಸತ್ಸುಮಾ ಪ್ರಾಂತ್ಯದ ಈ ಮಿತಭಾಷಿ ಎಳೆಯ ಪ್ರಾಯದಲ್ಲಿ ಇಂಗ್ಲೆಂಡಿಗೆ ಹೋಗಿ ಥೇಮ್ಸ್ ನದಿಯ ತರಬೇತಿ ಹಡಗಿನಲ್ಲಿ ಕಲಿತು ಬಂದಿದ್ದರು. ಮೊದಲ ವರ್ಷ ಅವರಿಗೆ ಸುಖದ್ದಾಗಿರಲಿಲ್ಲ. 1904ರ ಮೇ 15ರಂದು ಒಂದೇ ದಿನ ಹಟ್ಸುಸೆ ಮತ್ತು ಯಾಶಿಮಾ ಎಂಬ ಎರಡು ಯುದ್ಧನೌಕೆಗಳು ರಷ್ಯನ್ ಮೈನುಗಳಿಗೆ ಬಲಿಯಾದವು. ಇದ್ದ ಆರರಲ್ಲಿ ನಾಲ್ಕು ಉಳಿದವು. ಆಗಸ್ಟ್ 10ರ ಹಳದಿ ಸಮುದ್ರದ ಕಾಳಗದಲ್ಲಿ ಮಿಕಾಸಾಗೆ ಸುಮಾರು 20 ಶೆಲ್ಲುಗಳು ಬಡಿದವು. ರಷ್ಯನ್ ಅಡ್ಮಿರಲ್ ವಿಟ್‌ಗೆಫ್ಟ್ ಸತ್ತು, ಅವರ ಹಡಗುಸಾಲು ಚೆದುರದೇ ಹೋಗಿದ್ದರೆ ಆ ದಿನ ಯಾರದಾಗುತ್ತಿತ್ತೋ.

ಅತ್ತ ಸಾರ್ ಎರಡನೇ ನಿಕೊಲಸ್ ತನ್ನ ಬಾಲ್ಟಿಕ್ ಹಡಗುಪಡೆಯನ್ನು ಭೂಗೋಳದ ಅರ್ಧ ಸುತ್ತು ಹಾಕಿಸಿ ಕಳುಹಿಸಲು ನಿರ್ಧರಿಸಿದ. 1904ರ ಅಕ್ಟೋಬರಿನಲ್ಲಿ ಅಡ್ಮಿರಲ್ ರೊಝೆಸ್ಟ್ವೆನ್‌ಸ್ಕಿ ಲಿಬಾವ್ ಬಂದರು ಬಿಟ್ಟರು. ಮುಂದಿದ್ದದ್ದು ಸುಮಾರು 18,000 ನಾಟಿಕಲ್ ಮೈಲಿ. ಕೆಲವೇ ದಿನಗಳಲ್ಲಿ ಉತ್ತರ ಸಮುದ್ರದ ಡಾಗರ್ ಬ್ಯಾಂಕಿನಲ್ಲಿ ಮೀನು ಹಿಡಿಯುತ್ತಿದ್ದ ಇಂಗ್ಲಿಷ್ ದೋಣಿಗಳನ್ನು ಜಪಾನೀ ಟಾರ್ಪೆಡೊ ದೋಣಿಗಳೆಂದು ಭ್ರಮಿಸಿ ಗುಂಡು ಹಾರಿಸಿದರು. ಬ್ರಿಟನ್ ಕೆರಳಿತು. ದಾರಿಯುದ್ದಕ್ಕೂ ಬ್ರಿಟಿಷ್ ಬಂದರುಗಳ ಬಾಗಿಲು ಮುಚ್ಚಿದವು. ಕಲ್ಲಿದ್ದಲನ್ನು ಜರ್ಮನ್ ಹಡಗುಗಳಿಂದ ನಡುಗಡಲಲ್ಲೇ ತುಂಬಿಸಿಕೊಳ್ಳಬೇಕಾಯಿತು. ಡೆಕ್ಕಿನ ಮೇಲೆ, ಮಲಗುವ ಜಾಗದಲ್ಲಿ, ಊಟದ ಕೋಣೆಯಲ್ಲೂ ಕಲ್ಲಿದ್ದಲಿನ ರಾಶಿ. ಮಡಗಾಸ್ಕರಿನ ಬಿಸಿಲಲ್ಲಿ ವಾರಗಟ್ಟಲೆ ಲಂಗರು ಹಾಕಿ ನಿಂತಿದ್ದಾಗಲೇ ಪೋರ್ಟ್ ಆರ್ಥರ್ ಶರಣಾಯಿತೆಂಬ ಸುದ್ದಿ ಬಂತು. ಯಾರನ್ನು ಕಾಪಾಡಲು ಹೊರಟಿದ್ದರೋ ಅವರೇ ಇಲ್ಲವಾಗಿದ್ದರು. ಆದರೂ ಹಿಂದಿರುಗುವ ಅಪ್ಪಣೆ ಬರಲಿಲ್ಲ. ಹಿಂದೂ ಮಹಾಸಾಗರವನ್ನು ಅಡ್ಡ ಹಾಯ್ದು ಮಲಕ್ಕಾ ಜಲಸಂಧಿಯ ಮೂಲಕ ಅವರು ಪೂರ್ವಕ್ಕೆ ಸಾಗಿದರು. ಹಡಗುಗಳ ತಳಕ್ಕೆ ಅಂಟಿದ ಪಾಚಿ, ಚಿಪ್ಪುಗಳಿಂದ ವೇಗ ಕುಗ್ಗಿತ್ತು. ನಾವಿಕರ ಮನಸ್ಸು ಅದಕ್ಕಿಂತ ಕುಗ್ಗಿತ್ತು.

ಟೋಗೋ ಕಾದದ್ದು ಕೊರಿಯಾದ ದಕ್ಷಿಣ ತುದಿಯ ಚಿನ್ಹೇ ಕೊಲ್ಲಿಯಲ್ಲಿ. ವ್ಲಾಡಿವೊಸ್ಟಾಕ್ ತಲುಪಲು ಶತ್ರುವಿಗೆ ಮೂರು ದಾರಿಗಳಿದ್ದವು. ತ್ಸುಶಿಮಾ ಜಲಸಂಧಿಯನ್ನೇ ಆರಿಸಿಕೊಳ್ಳುತ್ತಾನೆ ಎಂಬುದು ಅವರ ಎಣಿಕೆ. ದಿನಗಳು ಉರುಳಿದರೂ ಸುಳಿವಿಲ್ಲದಿದ್ದಾಗ ಉತ್ತರಕ್ಕೆ ಸರಿಯಬೇಕೇ ಎಂಬ ಚರ್ಚೆ ಹಡಗಿನೊಳಗೆ ಬಿಸಿಯೇರಿತು. ಕೊನೆಗೆ 1905ರ ಮೇ 27ರ ಬೆಳಗಿನ ಜಾವ, ಮಂಜಿನಲ್ಲಿ ಕಾವಲು ತಿರುಗುತ್ತಿದ್ದ ಶಿನಾನೊ ಮಾರು ಎಂಬ ಹಡಗು ರಷ್ಯನ್ ಆಸ್ಪತ್ರೆ ಹಡಗಿನ ದೀಪವನ್ನು ಕಂಡಿತು. ನಿಸ್ತಂತುವಿನಲ್ಲಿ ಸುದ್ದಿ ಓಡಿತು. ಇಡೀ ಹಡಗುಪಡೆಯನ್ನು ನಿಸ್ತಂತು ಸಂದೇಶದಿಂದ ಯುದ್ಧಕ್ಕೆ ಎಬ್ಬಿಸಿದ ಮೊದಲ ದೊಡ್ಡ ಸಮುದ್ರ ಕಾಳಗಗಳಲ್ಲಿ ಇದೂ ಒಂದು.

ಮಧ್ಯಾಹ್ನ ಎರಡಕ್ಕೆ ಐದು ನಿಮಿಷವಿರುವಾಗ ಮಿಕಾಸಾದ ಕಂಬಕ್ಕೆ ನಾಲ್ಕು ಬಣ್ಣದ ಝೆಡ್ ಬಾವುಟ ಏರಿತು. ಸಾಮ್ರಾಜ್ಯದ ಅಳಿವು ಉಳಿವು ಈ ಒಂದು ಕಾಳಗದಲ್ಲಿದೆ, ಪ್ರತಿಯೊಬ್ಬನೂ ಇನ್ನಷ್ಟು ದುಡಿಯಲಿ ಎಂಬುದು ಅದರ ಅರ್ಥ. ಉಕ್ಕಿನ ಗೋಡೆಯ ಕಾವಲು ಕೋಣೆಯೊಳಗೆ ಬರಲು ಒಪ್ಪದೆ ಟೋಗೋ ತೆರೆದ ಬ್ರಿಜ್ಜಿನಲ್ಲೇ ನಿಂತರು. ಆಮೇಲೆ ಅವರು ಕೊಟ್ಟ ಆಜ್ಞೆಯ ಬಗ್ಗೆ ನೌಕಾ ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಶತ್ರು ಸುಮಾರು 8,000 ಮೀಟರ್ ದೂರದಲ್ಲಿರುವಾಗ ಇಡೀ ಸಾಲು ಎಡಕ್ಕೆ ಹೊರಳಿ ಹೆಚ್ಚುಕಡಿಮೆ ಬಂದ ದಿಕ್ಕಿಗೇ ಮುಖ ಮಾಡಬೇಕಿತ್ತು. ಒಂದರ ಹಿಂದೊಂದು ಹಡಗು ಒಂದೇ ಬಿಂದುವಿಗೆ ಬಂದು ತಿರುಗಬೇಕು. ತಿರುಗುವ ತನಕ ಅವುಗಳ ತೋಪುಗಳಿಗೆ ಕೆಲಸವಿಲ್ಲ, ರಷ್ಯನ್ನರಿಗೆ ಆ ಬಿಂದುವಿನ ಮೇಲೆ ಗುರಿಯಿಟ್ಟರೆ ಸಾಕು. ಎರಡು ಗಂಟೆ ಎಂಟು ನಿಮಿಷಕ್ಕೆ ರಷ್ಯನ್ ತೋಪುಗಳು ಸಿಡಿದವು. ಮೊದಲು ತಿರುಗಿ ಮುಗಿಸಿದ ಮಿಕಾಸಾ ಹಿಂದಿನವರಿಗೆಲ್ಲ ಗುರಾಣಿಯಾಗಿ ಏಟು ತಿಂದಿತು. ಆ ದಿನ ಅದಕ್ಕೆ 30ಕ್ಕೂ ಹೆಚ್ಚು ಶೆಲ್ಲುಗಳು ಬಿದ್ದು, ಸತ್ತವರು ಮತ್ತು ಗಾಯಗೊಂಡವರು ಸೇರಿ 113 ಮಂದಿಯಾದರು. ಆದರೆ ತಿರುವು ಮುಗಿದ ಮೇಲೆ ಜಪಾನೀ ಸಾಲಿನ ಎಲ್ಲ ತೋಪುಗಳೂ ರಷ್ಯನ್ ಸಾಲಿನ ಮೂತಿಯ ಮೇಲೆ ಒಟ್ಟಿಗೆ ಬೆಂಕಿ ಸುರಿಸಿದವು.

ರಷ್ಯನ್ ಯುದ್ಧನೌಕೆ ಒಸ್ಲ್ಯಾಬ್ಯಾ ಒಂದು ಗಂಟೆಯಲ್ಲಿ ಮಗುಚಿತು. ಸಂಜೆಯ ಹೊತ್ತಿಗೆ ಸುವೊರೊವ್, ಮೂರನೇ ಅಲೆಕ್ಸಾಂಡರ್, ಬೊರೊಡಿನೊ ಮೂರೂ ನೀರಿನಡಿ ಹೋದವು. ಬೊರೊಡಿನೊದಲ್ಲಿ ಬದುಕಿದವನು ಒಬ್ಬನೇ. ತಲೆಗೆ ಏಟು ತಿಂದ ರೊಝೆಸ್ಟ್ವೆನ್‌ಸ್ಕಿಯನ್ನು ಬೇರೊಂದು ಸಣ್ಣ ಹಡಗಿಗೆ ಸಾಗಿಸಲಾಯಿತು, ಮರುದಿನ ಅದೂ ಸೆರೆಯಾಯಿತು. ರಾತ್ರಿಯಿಡೀ ಟಾರ್ಪೆಡೊ ದೋಣಿಗಳು ಉಳಿದವರನ್ನು ಬೇಟೆಯಾಡಿದವು. 28ರ ಬೆಳಿಗ್ಗೆ ಸುತ್ತುವರಿದ ಹಡಗುಗಳ ನಡುವೆ ಅಡ್ಮಿರಲ್ ನೆಬೊಗಾಟೊವ್ ಶರಣಾಗತಿಯ ಬಾವುಟ ಏರಿಸಿದರು. ರಷ್ಯಾ ಕಡೆ ಸತ್ತವರು ಸುಮಾರು 5,000, ಸೆರೆಯಾದವರು ಸುಮಾರು 6,000. ಜಪಾನ್ ಕಳೆದುಕೊಂಡದ್ದು 117 ಜನರನ್ನು, ಮೂರು ಟಾರ್ಪೆಡೊ ದೋಣಿಗಳನ್ನು.

ಈ ಗೆಲುವಿನ ಯಶಸ್ಸು ಯಾರಿಗೆ ಸಲ್ಲಬೇಕು? ಬಹುಕಾಲ ಎಲ್ಲವೂ ಟೋಗೋ ತಿರುವಿನ ಖಾತೆಗೆ ಹೋಯಿತು. ರಷ್ಯನ್ನರ ದಣಿವು, ಸಿಡಿಯದ ಶೆಲ್ಲುಗಳು, ಜಪಾನಿನ ಶಿಮೋಸೆ ಸ್ಫೋಟಕ, ತಿಂಗಳುಗಟ್ಟಲೆ ನಡೆದ ಗುರಿ ಅಭ್ಯಾಸ, ಒಂದೇ ಬಗೆಯ ಹಡಗುಗಳ ಹೆಚ್ಚಿನ ವೇಗ, ಇವೇ ಹೆಚ್ಚು ನಿರ್ಣಾಯಕ ಎನ್ನುವವರು ನಂತರ ಬಂದರು. ಇಂಗ್ಲಿಷಿನ ಟೀ ಅಕ್ಷರದ ಅಡ್ಡಗೀಟಿನಂತೆ ಜಪಾನೀ ಸಾಲು ಶತ್ರುವಿನ ಎದುರು ನಿಂತಿತೆಂಬ ಪಠ್ಯಪುಸ್ತಕದ ಚಿತ್ರವನ್ನೂ ಕೆಲವರು ಒಪ್ಪುವುದಿಲ್ಲ. ಕಾಳಗದ ಹೆಚ್ಚು ಭಾಗ ಎರಡು ಸಾಲುಗಳೂ ಅಕ್ಕಪಕ್ಕ ಓಡಿದವು ಎನ್ನುತ್ತಾರೆ. ನನಗೆ ಇವರ ವಾದದಲ್ಲಿ ತೂಕ ಕಾಣುತ್ತದೆ. ಆ ತಿರುವು ದಿಟ್ಟತನದ್ದು, ಆದರೆ ಎದುರಿಗಿದ್ದವರು ಅರ್ಧ ಭೂಮಿ ಸುತ್ತಿ ಬಂದು ಸೋಲುವ ಮೊದಲೇ ಸೋತಿದ್ದವರು.

ಸುದ್ದಿ ಏಷ್ಯಾದ ಉದ್ದಗಲಕ್ಕೆ ಹರಡಿತು. ಹ್ಯಾರೋ ಶಾಲೆಗೆ ಸೇರಲು ಹೊರಟಿದ್ದ ಹದಿನೈದರ ಜವಾಹರಲಾಲ್ ನೆಹರೂ ಡೋವರಿನಿಂದ ಲಂಡನ್ನಿಗೆ ಹೋಗುವ ರೈಲಿನಲ್ಲಿ ಅದನ್ನು ಓದಿ ಹಿಗ್ಗಿದರು. ಯುರೋಪಿನ ಮಹಾಶಕ್ತಿಯೊಂದನ್ನು ಏಷ್ಯಾದವರು ಸೋಲಿಸಬಲ್ಲರು ಎಂಬ ಅರಿವು, ಅದೇ ವರ್ಷ ಬಂಗಾಳದ ವಿಭಜನೆಯ ವಿರುದ್ಧ ಎದ್ದ ಸ್ವದೇಶಿ ಚಳವಳಿಯ ಯುವಕರಿಗೂ ಹುರುಪು ಕೊಟ್ಟಿತು. ಆದರೆ ಟೋಗೋ ಲಂಗರು ಹಾಕಿದ್ದ ಕೊರಿಯಾದ ಪಾಲಿಗೆ ಬಂದದ್ದೇ ಬೇರೆ. 1905ರ ನವೆಂಬರಿನಲ್ಲಿ ಅದು ಜಪಾನಿನ ರಕ್ಷಿತ ರಾಜ್ಯವಾಯಿತು, 1910ರಲ್ಲಿ ನೇರ ವಸಾಹತಾಯಿತು. ಆ ಗೆಲುವಿನ ಮೊದಲ ಕಹಿ ಉಂಡದ್ದು ಕೊರಿಯಾ ಎಂದು ಮುಂದೆ ನೆಹರೂ ಅವರೇ ಬರೆದರು. ಮಿಕಾಸಾದ ಕಥೆ ಹೇಳುವವರು ಈ ಎರಡನ್ನೂ ಹೇಳಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ.

ಸೆಪ್ಟೆಂಬರ್ 5ರಂದು ಅಮೆರಿಕದ ಪೋರ್ಟ್ಸ್‌ಮತ್ತಿನಲ್ಲಿ ಶಾಂತಿ ಒಪ್ಪಂದವಾಯಿತು. ಯುದ್ಧದಂಡ ಒಂದು ಕಾಸೂ ಸಿಗಲಿಲ್ಲವೆಂದು ಟೋಕಿಯೋದ ಜನ ಹಿಬಿಯಾ ಉದ್ಯಾನದಲ್ಲಿ ಸೇರಿ ದಂಗೆಯೆದ್ದರು. ಒಂದು ವಾರವೂ ಆಗಿರಲಿಲ್ಲ, ಸೆಪ್ಟೆಂಬರ್ 11ರ ಕತ್ತಲಲ್ಲಿ ಸಾಸೆಬೊ ಬಂದರಿನಲ್ಲಿ ನಿಂತಿದ್ದ ಮಿಕಾಸಾದ ಮದ್ದುಗುಂಡಿನ ಉಗ್ರಾಣ ಸಿಡಿದು ಹಡಗು ಮುಳುಗಿತು. ಸತ್ತವರು 251 ಎಂದು ಕೆಲವು ಗ್ರಂಥಗಳು, 339 ಎಂದು ಜಪಾನೀ ಮೂಲಗಳು. ಯಾವ ಲೆಕ್ಕ ಹಿಡಿದರೂ ಯುದ್ಧದ ಎಲ್ಲ ಕಾಳಗಗಳಲ್ಲಿ ಆ ಹಡಗು ಕಳೆದುಕೊಂಡವರಿಗಿಂತ ಹೆಚ್ಚು. ಟೋಗೋ ಹಡಗಿನಲ್ಲಿರಲಿಲ್ಲ. ಮದ್ದು ಹಳಸಿ ತಾನೇ ಹೊತ್ತಿಕೊಂಡಿತೆಂಬುದು ಒಂದು ಅಭಿಪ್ರಾಯ; ನಾವಿಕರ ಅಜಾಗರೂಕತೆ ಎಂಬುದು ಇನ್ನೊಂದು. ಇದು ಮಿಕಾಸಾದ ಮೊದಲ ಸಾವು. ಬಂದರಿನ ಕೆಸರಿನಿಂದ ಅದನ್ನು ಎತ್ತಲು ಹನ್ನೊಂದು ತಿಂಗಳು ಹಿಡಿಯಿತು. 1908ರಲ್ಲಿ ಮತ್ತೆ ಸೇವೆಗೆ ಬರುವಷ್ಟರಲ್ಲಿ ಬ್ರಿಟನ್ನಿನ ಡ್ರೆಡ್‌ನಾಟ್ ಎಂಬ ಹೊಸ ಬಗೆಯ ಯುದ್ಧನೌಕೆ ನೀರಿಗಿಳಿದು, ಅದಕ್ಕೂ ಹಿಂದಿನ ಎಲ್ಲವೂ ಒಂದೇ ಏಟಿಗೆ ಹಳತಾಗಿದ್ದವು.

ಮುಂದಿನ ವರ್ಷಗಳನ್ನು ಚುಟುಕಾಗಿ ಹೇಳಬಹುದು. ಮೊದಲ ಮಹಾಯುದ್ಧದಲ್ಲಿ ಕರಾವಳಿ ಕಾವಲು, ಸೈಬೀರಿಯಾಕ್ಕೆ ಜಪಾನ್ ಸೈನ್ಯ ಕಳುಹಿಸಿದಾಗ ಅದರ ಬೆಂಬಲ. 1921ರ ಸೆಪ್ಟೆಂಬರಿನಲ್ಲಿ ವ್ಲಾಡಿವೊಸ್ಟಾಕ್ ಬಳಿಯ ಆಸ್ಕೋಲ್ಡ್ ದ್ವೀಪದ ಬಂಡೆಗೆ ತಾಗಿ ತಳ ಒಡೆದುಕೊಂಡಿತು. ಮರುವರ್ಷದ ವಾಷಿಂಗ್ಟನ್ ನೌಕಾ ಒಪ್ಪಂದದಲ್ಲಿ ಒಡೆದು ಹಾಕಬೇಕಾದ ಹಡಗುಗಳ ಪಟ್ಟಿಗೆ ಮಿಕಾಸಾ ಸೇರಿತು. 1923ರ ಸೆಪ್ಟೆಂಬರ್ 1ರ ಮಹಾ ಭೂಕಂಪ ಅದನ್ನು ಯೊಕೊಸುಕಾದ ದಕ್ಕೆಗೆ ಅಪ್ಪಳಿಸಿತು. ಅದೇ ತಿಂಗಳು ನೌಕಾದಳದ ಪಟ್ಟಿಯಿಂದ ಹೆಸರು ಹೊಡೆದು ಹಾಕಿದರು. ಗುಜರಿಗೆ ಹೋಗುವುದೊಂದೇ ಬಾಕಿ.

ಇಲ್ಲಿ ಜಪಾನಿನ ಜನ ಅಡ್ಡ ನಿಂತರು. ಸ್ಮಾರಕವಾಗಿ ಉಳಿಸಿಕೊಳ್ಳಲು ಬಿಡಿ ಎಂಬ ಕೋರಿಕೆಗೆ ಒಪ್ಪಂದದ ಉಳಿದ ರಾಷ್ಟ್ರಗಳು ಒಂದು ಷರತ್ತಿನ ಮೇಲೆ ಒಪ್ಪಿದವು: ಅದು ಮತ್ತೆಂದೂ ಯುದ್ಧಕ್ಕೆ ಹೋಗುವ ಸ್ಥಿತಿಯಲ್ಲಿ ಇರಕೂಡದು. ಯೊಕೊಸುಕಾದ ದಡದಲ್ಲಿ ಕೊಳ ತೋಡಿ, ಹಡಗನ್ನು ಒಳಗೆ ತಂದು, ಸುತ್ತ ಕಾಂಕ್ರೀಟ್ ಮತ್ತು ಮರಳು ತುಂಬಿ ಭದ್ರ ಮಾಡಿದರು. ಮೂತಿ ಟೋಕಿಯೋದ ಅರಮನೆಯ ದಿಕ್ಕಿಗೆ. 1926ರ ನವೆಂಬರ್ 12ರಂದು ಯುವರಾಜ ಹಿರೊಹಿಟೊ ಮತ್ತು ವೃದ್ಧ ಟೋಗೋ ಅವರ ಸಮ್ಮುಖದಲ್ಲಿ ಸ್ಮಾರಕ ಉದ್ಘಾಟನೆಯಾಯಿತು. ಎರಡನೇ ಸಾವೂ ತಪ್ಪಿತು.

ಆದರೆ ಸ್ಮಾರಕದ ನೆರಳು ಮುಂದಕ್ಕೂ ಚಾಚಿತು. ಒಂದೇ ನಿರ್ಣಾಯಕ ಕಾಳಗದಲ್ಲಿ ಬಲಿಷ್ಠ ಶತ್ರುವನ್ನು ಮುಗಿಸಬಹುದು ಎಂಬ ತ್ಸುಶಿಮಾದ ಪಾಠ ಜಪಾನೀ ನೌಕಾದಳದ ಮೂಲಮಂತ್ರವಾಯಿತು. ಆ ಕಾಳಗದಲ್ಲಿ ನಿಶ್ಶಿನ್ ಕ್ರೂಸರಿನಲ್ಲಿದ್ದು ಎರಡು ಬೆರಳು ಕಳೆದುಕೊಂಡ ತರುಣ ಯಮಾಮೊಟೊ ಇಸೊರೊಕು 1941ರಲ್ಲಿ ಪರ್ಲ್ ಹಾರ್ಬರ್ ದಾಳಿಯ ಸೂತ್ರಧಾರರಾದರು. ವಿಮಾನಗಳು ಹಾರುವ ಮುನ್ನ ಅವರು ಕಳುಹಿಸಿದ ಸಂದೇಶ ಟೋಗೋ ಮಾತಿನದೇ ಅನುಸರಣೆ. 1905ರಲ್ಲಿ ಶತ್ರು ಒಂದು ಸೋಲಿಗೆ ಸಂಧಿಗೆ ಬಂದಿದ್ದ; 1941ರ ಶತ್ರು ಬರಲಿಲ್ಲ. ಹಳೆಯ ಗೆಲುವನ್ನು ಸೂತ್ರವೆಂದು ನಂಬಿದ್ದಕ್ಕೆ ಜಪಾನ್ ತೆತ್ತ ಬೆಲೆ ಘೋರವಾದದ್ದು.

1945ರ ನಂತರದ್ದು ಮೂರನೇ ಸಾವು, ನಿಧಾನದ್ದು. ಹಡಗನ್ನು ಒಡೆಯಲೇಬೇಕೆಂದು ಸೋವಿಯತ್ ಪ್ರತಿನಿಧಿಗಳು ಪಟ್ಟು ಹಿಡಿದರು. ಅಮೆರಿಕನ್ನರು ಪೂರ್ತಿ ಒಡೆಯಲು ಬಿಡಲಿಲ್ಲ, ಆದರೆ ತೋಪು, ಕಂಬ, ಹೊಗೆಕೊಳವೆ, ಬ್ರಿಜ್ ಎಲ್ಲವೂ ಹೋದವು. ಉಳಿದ ಒಡಲು ಖಾಸಗಿಯವರ ಕೈಗೆ ಸಿಕ್ಕಿತು. ಡೆಕ್ಕಿನ ಮೇಲೆ ಟೋಗೋ ಹೆಸರಿನದೇ ಕ್ಯಾಬರೆ ನೃತ್ಯಶಾಲೆ ಎದ್ದಿತು, ಆಮೇಲೆ ಮೀನುಗಳ ಅಕ್ವೇರಿಯಂ. ಲೋಹದ ಬೆಲೆ ಏರಿದ ಕೊರಿಯಾ ಯುದ್ಧದ ದಿನಗಳಲ್ಲಿ ಹಿತ್ತಾಳೆ, ತಾಮ್ರ, ತೇಗದ ಹಲಗೆ ಒಂದೊಂದೇ ಕಳಚಿ ಹೋದವು. ಸೋವಿಯತ್ತರನ್ನು ದೂರುವುದು ಸುಲಭ. ಆದರೆ ಹಸಿದಿದ್ದ, ಯುದ್ಧವೆಂದರೆ ಮುಖ ತಿರುಗಿಸುತ್ತಿದ್ದ ಆ ದಿನಗಳ ಜಪಾನಿಗೂ ಮಿಕಾಸಾ ಬೇಕಿರಲಿಲ್ಲ.

ಬೇಕೆಂದವರು ಹೊರಗಿನವರು. ಹಡಗು ಹುಟ್ಟಿದ ಬ್ಯಾರೋ ಊರಿನ ಮೂಲದ ಜಾನ್ ರೂಬಿನ್ ಎಂಬ ವ್ಯಾಪಾರಿ ಅದರ ದುಃಸ್ಥಿತಿ ಕಂಡು ಮರುಗಿ 1955ರಲ್ಲಿ ಜಪಾನ್ ಟೈಮ್ಸ್ ಪತ್ರಿಕೆಗೆ ಪತ್ರ ಬರೆದರು. ಆ ಪತ್ರ ಕಿಡಿ ಹಚ್ಚಿತು. ಇನ್ನೊಬ್ಬರು ಪೆಸಿಫಿಕ್‌ನಲ್ಲಿ ಜಪಾನ್ ನೌಕಾದಳವನ್ನು ನೆಲಕಚ್ಚಿಸಿದ ಅಮೆರಿಕದ ಅಡ್ಮಿರಲ್ ಚೆಸ್ಟರ್ ನಿಮಿಟ್ಜ್. 1905ರಲ್ಲಿ ಒಹಾಯೊ ಹಡಗಿನ ಕಿರಿಯ ನಾವಿಕ ಅಧಿಕಾರಿಯಾಗಿ ಟೋಕಿಯೋಗೆ ಬಂದಿದ್ದ ಅವರು ಅರಮನೆಯ ವಿಜಯೋತ್ಸವದ ಔತಣದಲ್ಲಿ ಟೋಗೋ ಅವರನ್ನು ತಮ್ಮ ಮೇಜಿಗೆ ಕರೆದು ಮಾತಾಡಿಸಿದ್ದರು. 1934ರಲ್ಲಿ ಟೋಗೋ ತೀರಿಕೊಂಡಾಗ ಅಂತ್ಯಯಾತ್ರೆಗೂ ಬಂದಿದ್ದರು. ಈಗ ಜಪಾನೀ ಪತ್ರಿಕೆಗೆ ಬರೆದ ಲೇಖನದ ಸಂಭಾವನೆಯನ್ನು ಹಡಗಿನ ದುರಸ್ತಿಗೆ ಕೊಟ್ಟು, ಉಳಿಸಿಕೊಳ್ಳಿ ಎಂದು ಜಪಾನೀಯರನ್ನೇ ಒತ್ತಾಯಿಸಿದರು. ಸೋಲಿಸಿದವನು ಸೋತವರ ಸ್ಮಾರಕಕ್ಕಾಗಿ ಹೀಗೆ ನಿಂತ ಉದಾಹರಣೆ ಇತಿಹಾಸದಲ್ಲಿ ವಿರಳ. ಈ ಕಥೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಇದೇ.

ಹಣ ಬಂತು. ಬಿಡಿಭಾಗ ಎಲ್ಲಿಂದ? 1959ರಲ್ಲಿ ಚಿಲಿ ದೇಶದ ಹಳೆಯ ಯುದ್ಧನೌಕೆ ಅಲ್ಮಿರಾಂತೆ ಲತೊರ್ರೆ ಒಡೆಯುವುದಕ್ಕೆಂದು ಜಪಾನಿಗೆ ಬಂದಿತು. ಅದೂ ಬ್ರಿಟನ್ನಿನಲ್ಲೇ ಕಟ್ಟಿದ್ದು. ಅದರ ಸಾಮಾನುಗಳು ಮಿಕಾಸಾದ ಬರಿದಾದ ಮೈಗೆ ಸೇರಿದವು. ಕಾಳಗದ ದಿನವಾದ ಮೇ 27ರಂದೇ, 1961ರಲ್ಲಿ, ಹಡಗು ಮತ್ತೆ ಜನರಿಗೆ ತೆರೆಯಿತು. ಇಂದು ಅಲ್ಲಿ ಕಾಣುವ ದೊಡ್ಡ ತೋಪುಗಳು ನಕಲುಗಳು. ಬ್ರಿಜ್, ಕಂಬಗಳು ಮರುನಿರ್ಮಾಣ. ಇದನ್ನು ಅಸಲಿ ಎನ್ನಬಹುದೇ ಎಂದು ಮೂಗೆಳೆಯುವವರಿದ್ದಾರೆ. ಬ್ಯಾರೋದ ಕಾರ್ಮಿಕರು ಬೆಸೆದ ಒಡಲು ಮಾತ್ರ ಅಲ್ಲೇ ಇದೆ. ಅಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ. ಬ್ಯಾರೋದವರೂ ಮರೆತಿಲ್ಲ, ಅಲ್ಲಿನ ವಾಲ್ನಿ ದ್ವೀಪದಲ್ಲಿ ಮಿಕಾಸಾ ಹೆಸರಿನ ಬೀದಿಯಿದೆ.

ಹಡಗುಗಳನ್ನು ಉಳಿಸುವುದು ಎಷ್ಟು ಕಷ್ಟವೆಂದು ನಮಗೂ ಗೊತ್ತು. 1971ರ ಯುದ್ಧದಲ್ಲಿ ಪೂರ್ವ ಕರಾವಳಿಯಲ್ಲಿ ದುಡಿದ ವಿಮಾನವಾಹಕ ವಿಕ್ರಾಂತ್ ಕೆಲವು ವರ್ಷ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿತ್ತು. ಖರ್ಚು ಹೊರುವವರಿಲ್ಲದೆ 2014ರಲ್ಲಿ ಗುಜರಿಗೆ ಹೋಯಿತು. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಚಪಲ್ ಎಂಬ ಕ್ಷಿಪಣಿ ದೋಣಿ ನಿಂತಿದೆ. ಅದನ್ನು ನೋಡಲು ಹೋಗುವ ಕನ್ನಡಿಗರು ಉಪ್ಪುಗಾಳಿ ಅದರ ಉಕ್ಕಿಗೆ ಮಾಡುತ್ತಿರುವುದನ್ನೂ ಗಮನಿಸಬೇಕು, ಕೇಳಬೇಕಾದವರನ್ನು ಕೇಳಬೇಕು.

ತ್ಸುಶಿಮಾದಲ್ಲಿ ಎದುರು ಪಾಳಯದಲ್ಲಿದ್ದು ಮನಿಲಾಕ್ಕೆ ತಪ್ಪಿಸಿಕೊಂಡ ಕ್ರೂಸರ್ ಅರೋರಾ 1917ರ ಕ್ರಾಂತಿಯ ಸಂಕೇತವಾಗಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇಂದಿಗೂ ತೇಲುತ್ತಿದೆ. ಜಪಾನ್ ಬ್ರಿಟನ್ನಿನಲ್ಲಿ ಕಟ್ಟಿಸಿದ ಆರು ಯುದ್ಧನೌಕೆಗಳಲ್ಲಿ ಹಟ್ಸುಸೆ ಮತ್ತು ಯಾಶಿಮಾ 1904ರಲ್ಲೇ ಮುಳುಗಿದವು. ಅಸಾಹಿಯನ್ನು 1942ರಲ್ಲಿ ಅಮೆರಿಕದ ಜಲಾಂತರ್ಗಾಮಿ ಮುಳುಗಿಸಿತು. ಫುಜಿ ಮತ್ತು ಶಿಕಿಶಿಮಾ ಎರಡನೇ ಮಹಾಯುದ್ಧದ ನಂತರ ಗುಜರಿಗೆ ಹೋದವು. ಡ್ರೆಡ್‌ನಾಟ್‌ಗೂ ಹಿಂದಿನ ಕಾಲದ ಯುದ್ಧನೌಕೆಗಳಲ್ಲಿ ಇಡೀ ಜಗತ್ತಿನಲ್ಲಿ ಉಳಿದಿರುವುದು ಮಿಕಾಸಾ ಒಂದೇ.